ಹರಕೆಯೂ ಔಷಧಿಯೂ

ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹೋಳಿ ಹುಣ್ಣಿಮೆಯಲ್ಲಿ ಬೆಳ್ಳಿಯ ತೊಟ್ಟಿಲನ್ನೊಪ್ಪಿಸುವ ದಂಪತಿಗಳು, ಅದೇ ತಾಲೂಕಿನ ಯಮನೂರಿನಲ್ಲಿ, ಹಿಂದೂಗಳು ಚಾಂಗದೇವನೆಂದೂ ಮುಸಲ್ಮಾನರು ರಾಜಾಬಾಗಸವಾರನೆಂದೂ ನಡೆದುಕೊಳ್ಳುವ ಮಹಾತ್ಮನ ಸನ್ನಿಧಿಯಲ್ಲಿ, ಬೆಣ್ಣೆಹಳ್ಳದ ನೀರಿನಲ್ಲಿ ಮಿಂದು ಮಕ್ಕಳ ಆರೋಗ್ಯಕ್ಕಾಗಿ ಸೆರಗೊಡ್ಡುವ ತಾಯಂದಿರು, ಇವರ ನಂಬಿಕೆಯನ್ನು ಮೌಢ್ಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರ ಗುಂಪಿಗೆ ನಾನು ಸೇರಿದವನಲ್ಲ. ಕೂಸು ಹುಟ್ಟುವ ಮೊದಲೇ ಹರಕೆಯ ಮೂಲಕ ಅದರೊಡನೆ ಸಂಬಂಧ ಬೆಳೆಸಿದ ಜೀವಗಳಿಗೆ, ಆ ಕೂಸಿಗೆ ಅಪಾಯವೊದಗಿದಾಗ ಮತ್ತೆ ಅದೇ ಹೊಸ್ತಿಲು ನೆನಪಾಗುವುದು ಸಹಜ.

ಬಿಟ್ಟು ಬಿಟ್ಟು ಬರುವ ಜ್ವರ, ಬಿಳಿಚಿದ ಮೋರೆ, ಪೆಟ್ಟು ಬೀಳದೆಯೇ ಮೈಮೇಲೆ ಮೂಡುವ ನೀಲಿ ಕಲೆಗಳು. ರಕ್ತಪರೀಕ್ಷೆಯ ಚೀಟಿಯನ್ನು ಕಂಡ ಊರಿನ ಡಾಕ್ಟರರು ಹುಬ್ಬಳ್ಳಿಗೆ ಹೋಗಿರೆನ್ನುತ್ತಾರೆ. ಅಲ್ಲಿ, ಜನರೆಲ್ಲ ಕಿಮ್ಸ್ ಎನ್ನುವ ದೊಡ್ಡ ಆಸ್ಪತ್ರೆಯಲ್ಲೋ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲೋ, ರಕ್ತದ ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದಾಗ, “ಯಪ್ಪಾ, ನಾ ಏನ್ ಪಾಪ ಮಾಡಿದ್ನಿ?” ಎಂದು ತಾಯಿ ಕೇಳುತ್ತಾಳೆ. ತಾಯೀ, ನೀನು ಯಾವ ಪಾಪವನ್ನೂ ಮಾಡಿಲ್ಲ. ಎಲುಬಿನೊಳಗಣ ಮಜ್ಜೆಯಲ್ಲಿ ಬಲಿಯದ ಬಿಳಿಯ ಕಣಗಳು ಅಂಕೆಮೀರಿ ಹೆಚ್ಚಿ, ಒಳ್ಳೆಯ ರಕ್ತಕ್ಕೆ ಎಡೆಯಿಲ್ಲದಂತೆ ಮಾಡಿವೆ. ಇದನ್ನು ಪೂರ್ವಜನ್ಮದ ಕರ್ಮವೆಂದು ಅವಳ ಎದುರಿನಲ್ಲಿ ನುಡಿಯುವ ಬಂಧುಗಳು ಧರ್ಮದ ಹೆಸರಿನಲ್ಲಿ ಕ್ರೌರ್ಯವನ್ನೇ ಮಾಡುತ್ತಾರೆ.

ಮಕ್ಕಳ ಮರಣವನ್ನು ಮತ್ತೆ ಮತ್ತೆ ಕಂಡ ಧಾರವಾಡದ ಬೇಂದ್ರೆಯವರು ‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬ ಕವನವನ್ನು ರಚಿಸಿದ ಕಾಲಕ್ಕೆ ಈ ವ್ಯಾಧಿಗೆ ಮದ್ದೇ ಇರಲಿಲ್ಲ. 1948ರಲ್ಲಿ ಬೋಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅವರು ಅಮಿನೋಪ್ಟೆರಿನ್ ಎಂಬ ಔಷಧಿಯನ್ನು ಪಡೆದ 16 ಮಕ್ಕಳಲ್ಲಿ 10 ಮಂದಿಗೆ, ತಾತ್ಕಾಲಿಕವಾಗಿಯಾದರೂ, ರೋಗವು ಇಳಿಮುಖವಾದುದನ್ನು ಪ್ರಕಟಿಸಿದರು. ಆ ಔಷಧಿಯನ್ನು ಸಿದ್ಧಪಡಿಸಿದ ತಂಡದ ನಾಯಕರು ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್. ತಾರುಣ್ಯದಲ್ಲಿ ವ್ಯಾಧಿಯಿಂದ ಸೋದರರನ್ನು ಕಳೆದುಕೊಂಡು, ಆ ದುಃಖವನ್ನು ಪ್ರಯೋಗಶಾಲೆಯ ತಪಸ್ಸಾಗಿಸಿದವರು. ಅನಂತರ, ನಮ್ಮ ಹಿತ್ತಲುಗಳಲ್ಲಿ ಅರಳುವ ನಿತ್ಯಪುಷ್ಪದ ಗಿಡದಿಂದಲೇ ವಿನ್‌ಕ್ರಿಸ್ಟಿನ್ ದೊರೆಯಿತು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ರಕ್ತದ ಕ್ಯಾನ್ಸರಿನಲ್ಲಿ, ಚಿಕಿತ್ಸೆಯನ್ನು ಪೂರ್ಣಗೊಳಿಸಿದವರಲ್ಲಿ ಹೆಚ್ಚಿನವರು ಇಂದು ಬದುಕುತ್ತಾರೆ.

ಪೂರ್ಣಗೊಳಿಸುವುದೇ ಕಷ್ಟ. ಮೊದಲ ತಿಂಗಳ ಔಷಧಿಗೆ ರೋಗವು ಕಣ್ಮರೆಯಾಗಿ, ಕೂಸು ಆಡತೊಡಗಿದೊಡನೆ ದೇವರು ಒಲಿದನೆಂದು ಮನೆಯವರು ಹರ್ಷಪಡುತ್ತಾರೆ. ಆದರೆ ಎರೆಹೊಲದ ಕರಿಕೆಯಂತೆ, ಮೇಲೆ ಕಾಣದಿದ್ದರೂ ಬೇರು ಒಳಗೆ ಉಳಿದಿರುತ್ತದೆ. ಅದನ್ನು ಕೀಳಲು ಎರಡರಿಂದ ಮೂರು ವರುಷಗಳ ಚಿಕಿತ್ಸೆ ಬೇಕು. ಅಷ್ಟರಲ್ಲಿ ಕಡಲೆಯ ಸುಗ್ಗಿ ಬರುತ್ತದೆ, ಸಾಲ ಬೆಳೆಯುತ್ತದೆ, ಹುಬ್ಬಳ್ಳಿಯ ಬಸ್ಸು ಏರುವ ಕಾಲು ಸೋಲುತ್ತದೆ. ಎಷ್ಟೋ ಮಕ್ಕಳನ್ನು ನಾವು ಕಳೆದುಕೊಳ್ಳುವುದು ಈ ಹಂತದಲ್ಲಿ, ನಡುವೆ ನಿಂತುಹೋದ ಚಿಕಿತ್ಸೆಯಿಂದ. ನಂಬಿಕೆಯ ನಿಜವಾದ ಕೆಲಸ ಇಲ್ಲಿದೆಯೆಂದು ನಾನು ತಿಳಿದಿದ್ದೇನೆ: ಕೂಸು ಹಾಸಿಗೆ ಹಿಡಿದ ದಿನ ತಾಯಿಯನ್ನು ಗುಡಿಗೆ ಕರೆದೊಯ್ದ ಭಕ್ತಿಯು, ಅದು ಗುಣವಾದಂತೆ ಕಾಣುವ ದಿನವೂ ತಂದೆಯನ್ನು ಆಸ್ಪತ್ರೆಯ ಸರದಿಯಲ್ಲಿ ನಿಲ್ಲಿಸಬೇಕು.

ಹರಕೆ ಹೊತ್ತವರಲ್ಲಿ ನನ್ನದೊಂದು ಬಿನ್ನಹ. ಹರಕೆಯನ್ನು ಅಗತ್ಯವಾಗಿ ತೀರಿಸಿರಿ. ಚುಚ್ಚುಮದ್ದಿನ ದಿನವನ್ನು ಮಾತ್ರ ತಪ್ಪಿಸದಿರಿ. ಈ ಔಷಧಿಗಳು ಮೈಯ ಸೋಂಕು ತಡೆಯುವ ಶಕ್ತಿಯನ್ನು ಕುಗ್ಗಿಸುವುದರಿಂದ, ಚಿಕಿತ್ಸೆಯಲ್ಲಿರುವ ಕೂಸನ್ನು ಹಳ್ಳದ ನೀರಿಗಾಗಲಿ ಜಾತ್ರೆಯ ಸಂದಣಿಗಾಗಲಿ ಒಯ್ಯದೆ ಅಜ್ಜಿಯ ಬಳಿ ಬಿಟ್ಟು, ಅದರ ಪರವಾಗಿ ತಂದೆಯೇ ಮಿಂದು ಬಂದರೆ, ಯಮನೂರಿನ ಮಹಾತ್ಮನು ಆ ಸೇವೆಯನ್ನು ಒಪ್ಪದಿರನು.