ಕೊಟ್ಟಿಗೆ ಮಾಡಿನ ಕೆಲಸಕ್ಕೆ ಫ್ರೇಮ್ ಅಟ್ಟಣಿಗೆ
(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಮಳೆಗಾಲಕ್ಕೆ ಮುಂಚೆ ಕೊಟ್ಟಿಗೆಯ ಶೀಟು ಬದಲಿಸಲು ಹಲವರು ಶೀಟಿನ ಮೇಲೆಯೇ ಹತ್ತುತ್ತಾರೆ. ಹಳೆಯ ಸಿಮೆಂಟ್ ಶೀಟು ಆಳಿನ ಭಾರ ತಡೆಯದು. ಕೆಳಗಿರುವುದು ಕಾಂಕ್ರೀಟ್ ನೆಲ. ಅದರ ಬದಲು ಕಬ್ಬಿಣದ ಫ್ರೇಮುಗಳ ಅಟ್ಟಣಿಗೆಯನ್ನು ಬಾಡಿಗೆಗೆ ತಂದು ಒಳಗಿನಿಂದ ಕೆಲಸ ಮಾಡಿ.

ಮೊದಲು ರಾಸುಗಳನ್ನು ಹೊರಗೆ ಕಟ್ಟಿ, ಸಗಣಿ ತೆಗೆದು ನೆಲ ಒಣಗಿಸಿ. ಕಾಲುಗಳಿಗೆ ಪ್ಲೇಟು, ಮಣ್ಣಿನ ನೆಲವಾದರೆ ಅದರಡಿ ದಪ್ಪ ಹಲಗೆ ಕೊಡಿ. ಇಟ್ಟಿಗೆ ಚೂರು ಬೇಡ. ಎರಡೂ ಬದಿಗೆ ಕತ್ತರಿಪಟ್ಟಿ ಬಿಗಿಯಿರಿ. ಎತ್ತರವು ಬುಡದ ಅಗಲದ 3 ಪಟ್ಟು ಮೀರಿದರೆ ಗಟ್ಟಿ ಕಂಬಕ್ಕೆ ಕಟ್ಟಿ. ಮೇಲೆ ಹಲಗೆ ಸಂದಿಲ್ಲದಂತೆ ಹಾಸಿ, ಸುತ್ತ ತಡೆಗಂಬಿ ಹಾಕಿ. ಆಳು ಮೇಲಿರುವಾಗ ಸರಿಸಬೇಡಿ.

ಬಾಡಿಗೆ ದುಬಾರಿಯೆನ್ನಬೇಡಿ. ಸೊಂಟ ಮುರಿದವರ ಮನೆಯಲ್ಲಿ ಹಾಲು ಕರೆಯುವವರು ಯಾರು?