ಸೀಟು ಕೇಳುವ ಧೈರ್ಯ

(ಕಾರ್ಮಿಕರ ವಾಚನಾಲಯದ ವಾರದ ಸಭೆಯಲ್ಲಿ ಮಾಡಿದ ಭಾಷಣ)



ಅಮೆರಿಕದ ಶಾಲೆ ಕಾಲೇಜುಗಳಲ್ಲಿ ಮನಶ್ಶಾಸ್ತ್ರ, ಸಮಾಜಶಾಸ್ತ್ರ ಓದುವ ಹುಡುಗರಿಗೆ ಒಂದು ವಿಚಿತ್ರ ಮನೆಗೆಲಸ ಕೊಡುವುದುಂಟು. ಎಲ್ಲೂ ಬರೆದಿಡದ, ಆದರೆ ಎಲ್ಲರೂ ಪಾಲಿಸುವ ಒಂದು ಕಟ್ಟುಪಾಡನ್ನು ಹತ್ತು ಜನರ ಎದುರಿಗೆ ಮುರಿಯಬೇಕು. ಜನ ಏನು ಮಾಡಿದರು, ಮುರಿದವನ ಮನಸ್ಸಿಗೆ ಏನಾಯಿತು ಎಂಬುದನ್ನು ಬರೆದು ತರಬೇಕು. ಒಬ್ಬ ಲಿಫ್ಟಿನಲ್ಲಿ ಬಾಗಿಲಿಗೆ ಬೆನ್ನು ಮಾಡಿ ನಿಲ್ಲುತ್ತಾನೆ. ಇನ್ನೊಬ್ಬಳು ಖಾಲಿ ಬಸ್ಸು ಹತ್ತಿ, ಇರುವ ಒಬ್ಬನೇ ಪ್ರಯಾಣಿಕನ ಪಕ್ಕಕ್ಕೆ ಹೋಗಿ ಕೂರುತ್ತಾಳೆ. ನಾವು ಮೇಷ್ಟರಿಕೆ ಮಾಡುತ್ತಿದ್ದಾಗ ಇಂಥ ಕೆಲಸ ಕೊಟ್ಟಿದ್ದರೆ ಮರುದಿನ ಪಾಲಕರೆಲ್ಲ ಶಾಲೆಯ ಬಾಗಿಲಲ್ಲಿ ನಿಂತಿರುತ್ತಿದ್ದರು. ಹೊಟ್ಟೆ ತುಂಬಿದವರ ಆಟ ಇದು ಎಂದು ನೀವು ಹೇಳಬಹುದು. ಸ್ವಲ್ಪ ತಾಳಿ.

ಈ ಪದ್ಧತಿಗೆ ಹೆಸರು ತಂದವರು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಹೆರಾಲ್ಡ್ ಗಾರ್ಫಿಂಕೆಲ್. ಅವರ ಗ್ರಂಥ 1967ರಲ್ಲಿ ಹೊರಬಂತು. ಅವರು ವಿದ್ಯಾರ್ಥಿಗಳಿಗೆ ಹೇಳಿದ ಒಂದು ಕೆಲಸ ಹೀಗೆ: ನಿಮ್ಮ ಮನೆಯಲ್ಲಿಯೇ ಹದಿನೈದು ನಿಮಿಷದಿಂದ ಒಂದು ಗಂಟೆ, ಬಾಡಿಗೆ ಕೊಟ್ಟು ಇರುವ ಪರಸ್ಥಳದವರಂತೆ ನಡೆದುಕೊಳ್ಳಿ. ಮಾತನಾಡಿಸಿದರೆ ಮಾತ್ರ ಮಾತು, ವಿನಯದಿಂದ, ಬಹುವಚನದಿಂದ ಎನ್ನಿ. ಬೈದದ್ದಿಲ್ಲ, ಒಡೆದದ್ದಿಲ್ಲ, ಬರಿಯ ಮರ್ಯಾದೆ ಅಷ್ಟೆ. ಆದರೂ ಬಹುಪಾಲು ಮನೆಗಳಲ್ಲಿ ಗಾಬರಿ, ಕೋಪ. ಮೈಗೆ ಹುಷಾರಿಲ್ಲವೆ, ಓದು ಹೆಚ್ಚಾಯಿತೆ, ಯಾರೊಡನೆ ಜಗಳವಾಯಿತು ಎಂದು ಮನೆಯವರು ತಾವೇ ಕಾರಣ ಹುಡುಕತೊಡಗಿದರು. ಮಗ ಅಪ್ಪನಿಗೆ 'ತಾವು ಅಪ್ಪಣೆ ಕೊಟ್ಟರೆ ಒಂದು ಲೋಟ ನೀರು ಕುಡಿಯುತ್ತೇನೆ' ಎಂದರೆ ನಮ್ಮ ಮನೆಗಳಲ್ಲೂ ಹೀಗೆಯೇ ಆದೀತು.

ಇನ್ನು ಸೀಟಿನ ಸಂಗತಿ. ಸ್ಟ್ಯಾನ್ಲಿ ಮಿಲ್‌ಗ್ರಾಮ್ ಎಂಬುವರು ನ್ಯೂಯಾರ್ಕ್ ನಗರದ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ತಲೆ ನರೆತ ಹೆಂಗಸು ನಿಂತಿದ್ದರೂ ರೈಲಿನಲ್ಲಿ ಹುಡುಗರು ಏಕೆ ಏಳುವುದಿಲ್ಲ ಎಂದು ಅವರ ಅತ್ತೆ, ಎಂದರೆ ಹೆಂಡತಿಯ ತಾಯಿ, ಅಳಿಯನನ್ನು ಕೇಳಿದರಂತೆ. ಅಳಿಯನ ತಲೆಗೆ ಹುಳ ಹೊಕ್ಕಿತು. 1970ರ ದಶಕದ ಆರಂಭ. ನೆಲದಡಿಯ ರೈಲಿಗೆ ಹೋಗಿ, ಕೂತವರನ್ನು 'ನಿಮ್ಮ ಸೀಟು ಬಿಟ್ಟುಕೊಡುತ್ತೀರಾ' ಎಂದು ಕೇಳಿ, ಕಾರಣ ಹೇಳಬೇಡಿ ಎಂದು ತರಗತಿಗೆ ಹೇಳಿದರು. ತರಗತಿಗೆ ತರಗತಿಯೇ ಹಿಂದೆಗೆಯಿತು. ಕೊನೆಗೆ ಒಬ್ಬ ಹುಡುಗ ಒಪ್ಪಿ ಹೊರಟ. ಇಪ್ಪತ್ತು ಸಲ ಕೇಳಿ ಬಾ ಎಂದರೆ ಹದಿನಾಲ್ಕು ಸಲ ಕೇಳಿ ಹಿಂದಿರುಗಿದ. ಜನ ಏಳುತ್ತಿದ್ದರು! ಕಷ್ಟವಾದದ್ದು ಅವನಿಗೆ.

ಇದೇನು ಮಹಾ ಎಂದು ಪ್ರಾಧ್ಯಾಪಕರು ತಾವೇ ಹೋದರು. ಕೂತವನ ಮುಂದೆ ನಿಂತರು. ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು, ಹೊರಡಲೊಲ್ಲದು. ಹೇಗೋ ಬಾಯಿಬಿಟ್ಟು ಕೇಳಿದರು, ಆ ಮನುಷ್ಯ ಎದ್ದ. ಇವರು ಕೂತರು. ಕೂತ ಮೇಲೆ ಮುಖ ಬಿಳಿಚಿಕೊಂಡಿತು, ತಲೆ ಮಂಡಿಯ ನಡುವೆ ಇಳಿಯಿತು. ಕೇಳಿದ್ದಕ್ಕೆ ತಕ್ಕ ಕಾಯಿಲೆ ತನಗೆ ಇರಲೇಬೇಕು ಎಂಬಂತೆ ಮೈ ತಾನಾಗಿ ವರ್ತಿಸಿತು. ನಾಟಕವಲ್ಲ ಇದು, ನಿಜವಾಗಿ ಹಾಗಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಇವರು ಸಾಮಾನ್ಯರಲ್ಲ, ಮೇಲಿನವರು ಹೇಳಿದರೆಂದು ಜನ ಪರರಿಗೆ ವಿದ್ಯುತ್ತಿನ ಆಘಾತ ಕೊಡಲೂ ಸಿದ್ಧರಾಗುತ್ತಾರೆಯೆ ಎಂದು 1961ರಿಂದ ಪರೀಕ್ಷಿಸಿ ಜಗತ್ಪ್ರಸಿದ್ಧರಾದವರು. ಅಂಥವರ ಗಂಟಲೂ ಕಟ್ಟಿತು.

ಈ ಪ್ರಯೋಗದ ಲೆಕ್ಕ 1978ರಲ್ಲಿ ಅಚ್ಚಾಯಿತು. ಕಾರಣ ಹೇಳದೆ ನೇರವಾಗಿ ಕೇಳಿದಾಗ 100ಕ್ಕೆ 68 ಮಂದಿ ಎದ್ದುಕೊಟ್ಟರು ಅಥವಾ ಸರಿದು ಜಾಗ ಮಾಡಿದರು. 'ನಿಂತು ಪುಸ್ತಕ ಓದಲಾಗದು' ಎಂಬ ಕ್ಷುಲ್ಲಕ ಕಾರಣ ಸೇರಿಸಿದಾಗ 42ಕ್ಕೆ ಇಳಿಯಿತು. ಸೀಟು ಕೇಳಿದರೆ ತಪ್ಪಾದೀತೆ ಎಂದು ಇಬ್ಬರು ಮಾತಾಡಿಕೊಳ್ಳುವುದು ಕೂತವರ ಕಿವಿಗೆ ಬಿದ್ದಮೇಲೆ ಕೇಳಿದಾಗ ಸುಮಾರು 37. ಥಟ್ಟನೆ ಕೇಳಿದರೆ, ಪಾಪ, ಏನೋ ಕಷ್ಟವಿರಬೇಕು ಎಂದು ಎದುರಿನವನೇ ಊಹಿಸಿಕೊಂಡು ಎದ್ದುಬಿಡುತ್ತಾನೆ. ಸಮಯ ಕೊಟ್ಟರೆ ಇಲ್ಲವೆನ್ನಲು ಸಿದ್ಧನಾಗುತ್ತಾನೆ. ಸಂಬಳ ಹೆಚ್ಚಿಸಿ ಎಂದು ಕೇಳಲು ಹೋಗಿ, ಮೊದಲರ್ಧ ಗಂಟೆ ಮಗಳ ಮದುವೆ, ಸೋರುವ ಮಾಡು ಎಂದೆಲ್ಲ ಹೇಳಿ ಬರಿಗೈಯಲ್ಲಿ ಬರುವವರನ್ನು ನಾವು ಬಹಳ ನೋಡಿದ್ದೇವೆ.

ಅಂಗಡಿಕಾರ ಮಿತ್ರರು ಇಲ್ಲಿ ಸ್ವಲ್ಪ ಕಿವಿಗೊಡಬೇಕು. ಗಾರ್ಫಿಂಕೆಲ್ 135 ವಿದ್ಯಾರ್ಥಿಗಳನ್ನು ನಿಗದಿ ಬೆಲೆಯ ಅಂಗಡಿಗಳಿಗೆ ಚೌಕಾಶಿ ಮಾಡಲು ಕಳಿಸಿದರು. ನಮ್ಮ ಸಂತೆಯಲ್ಲಿ ಚೌಕಾಶಿ ಮಾಡದಿದ್ದರೇ ಮಾರುವವನಿಗೆ ಅನುಮಾನ. ಅಲ್ಲಿ ಮಾಡಿದರೆ ಮಾನ ಹೋದಂತೆ. ಒಂದೇ ಸಲ ಕೇಳಬೇಕಾಗಿದ್ದವರು 68 ಮಂದಿ. ಅವರಲ್ಲಿ 100ಕ್ಕೆ 20 ಪಾಲು ಹೋಗಲೊಲ್ಲೆವೆಂದರು, ಇಲ್ಲವೆ ಅರ್ಧಕ್ಕೇ ಬಿಟ್ಟು ಬಂದರು. ಆರು ಸಲ ಕೇಳಬೇಕಾಗಿದ್ದ 67 ಮಂದಿಯಲ್ಲಿ ಹಾಗೆ ಮಾಡಿದವರು 100ಕ್ಕೆ 3 ಮಾತ್ರ. ಅಂಜಿಕೆಯೆಲ್ಲ ಮೊದಲು, ಬಾಯಿ ತೆರೆಯುವ ಮುಂಚೆ. ಮೂರನೆಯ ಸಲಕ್ಕೆ ಅನೇಕರಿಗೆ ಖುಷಿ ಹತ್ತಿತು. ಬೆಲೆ ಇಳಿಯುವುದೂ ಉಂಟೆಂದು ಕಂಡು, ಮುಂದೆಯೂ ಕೇಳುತ್ತೇವೆ ಎಂದರು. ನಮ್ಮಲ್ಲಿ ಪೊಟ್ಟಣದ ಮೇಲೆ ಅಚ್ಚಾಗಿರುವುದು ಗರಿಷ್ಠ ಬೆಲೆ, ಅದಕ್ಕಿಂತ ಕಡಿಮೆಗೆ ಮಾರಬಾರದೆಂದು ಅದರ ಅರ್ಥವಲ್ಲ. ಇದನ್ನು ಹೇಳಿದ್ದಕ್ಕೆ ವ್ಯಾಪಾರಿ ಮಿತ್ರರು ಕ್ಷಮಿಸಬೇಕು.

ಹಾಗಾದರೆ ಕಟ್ಟುಪಾಡೆಲ್ಲ ಮುರಿಯತಕ್ಕದ್ದೆ? ಅಲ್ಲ. ಸಾಲನ್ನೇ ನೋಡಿ. ಟಿಕೆಟ್ಟಿಗೋ ರೇಷನ್ನಿಗೋ ಸಾಲಿನಲ್ಲಿ ನಿಲ್ಲುವುದು ಬಡವನಿಗೆ ಅನುಕೂಲದ ಕಟ್ಟುಪಾಡು. ಸಾಲು ಮುರಿದರೆ ಗೆಲ್ಲುವವನು ತೋಳ್ಬಲದವನು. ಮಿಲ್‌ಗ್ರಾಮ್ ಮತ್ತು ಸಂಗಡಿಗರು ನ್ಯೂಯಾರ್ಕಿನಲ್ಲಿ 129 ಸಾಲುಗಳೊಳಗೆ ನುಗ್ಗಿ ನೋಡಿದರು. ಅದರ ವರದಿ 1986ರಲ್ಲಿ, ಅವರು ತೀರಿಕೊಂಡ ಎರಡು ವರ್ಷಕ್ಕೆ ಪ್ರಕಟವಾಯಿತು. ಒಬ್ಬನೇ ನುಗ್ಗಿದಾಗ 100ಕ್ಕೆ 54 ಸಲ ಯಾರಾದರೂ ತಡೆದರು, ಇಬ್ಬರು ನುಗ್ಗಿದಾಗ 91 ಸಲ. ಆದರೆ ನುಗ್ಗಿದವನ ಬೆನ್ನಿಗೇ ತಮ್ಮವರಿಬ್ಬರನ್ನು ಮೊದಲೇ ನಿಲ್ಲಿಸಿ, ಅವರು ತುಟಿಪಿಟಕ್ಕೆನ್ನದೆ ಇದ್ದಾಗ, ತಡೆದದ್ದು 100ಕ್ಕೆ 5 ಸಲ! ಹತ್ತಿರದವನು ಸುಮ್ಮನಿದ್ದರೆ ದೂರದವನೂ ಸುಮ್ಮನೆ. ನ್ಯಾಯಬೆಲೆ ಅಂಗಡಿಯಲ್ಲಿ ಮುಂದಾಳಿನ ತಮ್ಮ ನುಗ್ಗಿದಾಗ ಅವನ ಹಿಂದೆಯೇ ನಿಂತಿದ್ದವರು ಯಾರು, ನೆನಪು ಮಾಡಿಕೊಳ್ಳಿ.

ಈ ಮನೆಗೆಲಸದ ವಿಷಯದಲ್ಲಿ ನಮ್ಮದೊಂದು ತಕರಾರೂ ಇದೆ. ಕೌಂಟರಿನ ಹುಡುಗ, ಲಿಫ್ಟಿನವನು, ಕಂಡಕ್ಟರು ಇವರು ಜಾಗ ಬಿಟ್ಟು ಹೋಗಲಾರರು. ತಿರುಗಿ ಒಂದು ಮಾತಾಡಿದರೆ ಅವರ ಕೆಲಸಕ್ಕೇ ಸಂಚಕಾರ. ಪ್ರಯೋಗ ಮಾಡುವ ವಿದ್ಯಾರ್ಥಿ ಅವರನ್ನು ಆರಿಸಿಕೊಳ್ಳಬಾರದು. ವಿದ್ಯಾರ್ಥಿಗೆ ಕೊನೆಯಲ್ಲಿ 'ಇದು ಪಾಠಕ್ಕಾಗಿ ಮಾಡಿದ್ದು' ಎಂದು ನಕ್ಕು ಹೊರಡುವ ದಾರಿಯಿದೆ.

ಆ ದಾರಿ ಇಲ್ಲದವರೂ ಇದ್ದಾರೆ. ಅಸ್ಪೃಶ್ಯತೆಯನ್ನು ಸಂವಿಧಾನ 1950ರಲ್ಲಿಯೇ ತೆಗೆದುಹಾಕಿತು, ಅದರ ಆಚರಣೆ ಅಪರಾಧವೆಂದು 1955ರಲ್ಲಿ ಕಾನೂನು ಬಂತು. ಆದರೂ ಹಳ್ಳಿಯ ಚಹದಂಗಡಿಯಲ್ಲಿ ಬೇರೆ ಲೋಟ ಇಟ್ಟ ಸುದ್ದಿ ಇಂದಿಗೂ ಅಲ್ಲಲ್ಲಿ ಬರುತ್ತದೆ. ಎಲ್ಲರ ಲೋಟಕ್ಕೆ ಕೈ ಚಾಚಬೇಕಾದವನ ಗಂಟಲಿಗೆ ಏನಾಗುತ್ತದೆ ಎಂದು ಈಗ ಯೋಚಿಸಿ. ಸೀಟು ಕೇಳಿದ ಪ್ರಾಧ್ಯಾಪಕರ ಮುಖ ಬಿಳಿಚಿತು, ಅಷ್ಟೆ. ಇವನ ಕೂಲಿ ಹೋಗಬಹುದು, ಗುಡಿಸಲು ಹೋಗಬಹುದು. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರು ಕುಡಿಯಲು ಅಂಬೇಡ್ಕರರು ಸಾವಿರಾರು ಜನರೊಡನೆ ಏಕೆ ಹೋದರು ಎಂಬುದು ಇದರಿಂದ ಅರ್ಥವಾಗುತ್ತದೆ. ಒಬ್ಬನ ಗಂಟಲಿಗೆ ಆಗದ್ದು ಅದು. ಅಂದು ಕೂಡ ನೀರು ಕುಡಿದು ಮರಳುವವರಿಗೆ ಪೆಟ್ಟು ಬಿತ್ತು.

ಅಮೆರಿಕದ ಕಪ್ಪು ಜನ ಇದಕ್ಕೆ ತಾಲೀಮನ್ನೇ ಮಾಡಿದರು. ನ್ಯಾಶ್‌ವಿಲ್ ನಗರದಲ್ಲಿ 1959ರಲ್ಲಿ ಪಾದ್ರಿ ಜೇಮ್ಸ್ ಲಾಸನ್ ವಿದ್ಯಾರ್ಥಿಗಳನ್ನು ಸೇರಿಸಿ ಅಭ್ಯಾಸ ನಡೆಸಿದರು. ಕೆಲವರು ಊಟದ ಕಟ್ಟೆಯ ಮುಂದೆ ಕೂತಂತೆ ಕೂರುವುದು, ಉಳಿದವರು ಪುಂಡರಂತೆ ಬೈಯುವುದು, ತಳ್ಳುವುದು. ಕೂತವರು ಕೈ ಎತ್ತಬಾರದು, ಏಳಲೂ ಬಾರದು. ಚೌಕಾಶಿಗೆ ಆರು ಸಲ ಹೋದವರ ಗುಟ್ಟೂ ಇದೇ ಅಲ್ಲವೆ? ನಮ್ಮ ಲೋಹಿಯಾ ಅವರು 1964ರ ಮೇ ತಿಂಗಳಲ್ಲಿ ಮಿಸಿಸಿಪಿ ರಾಜ್ಯದ ಜಾಕ್ಸನ್ ಪಟ್ಟಣದಲ್ಲಿ, ಬಿಳಿಯರಿಗೆ ಮಾತ್ರ ಬಡಿಸುತ್ತಿದ್ದ ಹೋಟೆಲಿಗೆ ನಮ್ಮ ದೇಶದ ಉಡುಪಿನಲ್ಲಿಯೇ ಹೋಗಿ, ಹೊರಡಿ ಎಂದರೆ ಹೊರಡದೆ ಪೊಲೀಸರ ವ್ಯಾನು ಹತ್ತಿದರು.

ಅದಕ್ಕೆ ನಾಲ್ಕು ವರ್ಷ ಮೊದಲು, 1960ರ ಫೆಬ್ರವರಿ 1ರಂದು, ಗ್ರೀನ್ಸ್‌ಬರೊ ಎಂಬ ಊರಿನ ವುಲ್‌ವರ್ತ್ ಅಂಗಡಿಯಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಸಾಮಾನು ಕೊಂಡರು. ಆಮೇಲೆ ಅದೇ ಅಂಗಡಿಯ ಊಟದ ಕಟ್ಟೆಯ ಮುಂದೆ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಅಂಗಡಿ ಮುಚ್ಚುವವರೆಗೂ ಕೂತಿದ್ದರು, ಮರುದಿನ ಇನ್ನಷ್ಟು ಜನರೊಂದಿಗೆ ಬಂದರು. ಕೆಲವೇ ದಿನಗಳಲ್ಲಿ ನೂರಾರು ಜನರಾದರು. ವ್ಯಾಪಾರ ಕೆಟ್ಟಿತು. ಜುಲೈ 25ರಂದು ಅಂಗಡಿ ಮಣಿಯಿತು. ಆ ದಿನ ಆ ಕಟ್ಟೆಯಲ್ಲಿ ಮೊದಲು ಕೂತು ಉಂಡವರು ಆ ವಿದ್ಯಾರ್ಥಿಗಳಲ್ಲ. ಅದೇ ಅಂಗಡಿಯಲ್ಲಿ ದುಡಿಯುತ್ತಿದ್ದ ಕಪ್ಪು ನೌಕರರು.