ಅಮ್ಮ ಕಂಡ ಲಂಡನ್

ಲಂಡನ್ನಿನಲ್ಲಿ ಏನು ನೋಡಿದೆ ಎಂದು ಎಲ್ಲರೂ ಕೇಳುತ್ತೀರಿ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೂಲಿಯಿಂದ ನನ್ನನ್ನು ಓದಿಸಿದ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ತಂಗಿದ್ದು ಫಿಟ್ಜ್‌ರಾಯ್ ಸ್ಕ್ವೇರ್‌ನ ಇಂಡಿಯನ್ ವೈಎಂಸಿಎಯಲ್ಲಿ. 1920ರಲ್ಲಿ ಭಾರತೀಯ ವಿದ್ಯಾರ್ಥಿಗಳಿಗಾಗಿ ಶುರುವಾದದ್ದು. ಅನ್ನ, ದಾಲ್ ಸಿಕ್ಕಿತು. ಮುದ್ದೆಗೆ ಮಾತ್ರ ಊರಿಗೇ ಬರಬೇಕಾಯಿತು!

ಮ್ಯೂಸಿಯಂ, ಸೇತುವೆಗಳ ಮಾತು ಇರಲಿ. ಥೇಮ್ಸ್ ನದಿಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ದಡದಲ್ಲಿ ಬಸವಣ್ಣನವರ ಪುತ್ಥಳಿಯಿದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ್ದು. ನದಿಯ ಆಚೆಗೆ ಬ್ರಿಟನ್ ಪಾರ್ಲಿಮೆಂಟು. ಅಮ್ಮ ಆ ಚಳಿಯಲ್ಲಿ ಚಪ್ಪಲಿ ಬಿಟ್ಟು ಕೈಮುಗಿದಳು.

“ಹಾಕ್ಕೊಳಮ್ಮ, ಜನ ನೋಡ್ತಾರೆ” ಅಂದೆ.

“ನೋಡ್ಲಿ ಬಿಡು, ನಿಂಗ್ಯಾಕೆ ನಾಚ್ಕೆ?”

ನಿಜವಾಗಿ ನಾಚಿಕೆಯಾದದ್ದು ಆಗಲೇ. ಶೂ ಬಿಚ್ಚಿ ಅವಳ ಪಕ್ಕದಲ್ಲಿ ನಿಂತೆ.